ತುಮಕೂರಿನ ಕ್ರಿಕೆಟ್ ಸ್ಟೇಡಿಯಂಗೆ ಜನರ ದುಡ್ಡು ಹಾಕಬೇಕಾ?

ಅಮೆರಿಕದ ಕೆಲವು ಕಡೆ ಸ್ಟೇಡಿಯಂಗೆ ತೆರಿಗೆ ಹಣ ಕೊಡಬೇಕಾ ಬೇಡವಾ ಅಂತ ಜನರೇ ವೋಟ್ ಹಾಕುತ್ತಾರೆ, ನಿಮ್ಮ ತುಮಕೂರಿನಲ್ಲಿ ಬರುತ್ತಿರುವ ಕ್ರಿಕೆಟ್ ಸ್ಟೇಡಿಯಂ ಬಗ್ಗೆ ಜನ ಏನಂತಾರೆ ಎಂದು ಕೇಳಿದ್ದೀರಿ. ನಾನು ತುಮಕೂರಿನವನೇ, ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಓಟದ ತರಬೇತಿ ಕೊಡುತ್ತೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಸರ್ಕಾರ ಜಾಗ ಕೊಡಲಿ, ಆದರೆ ಷರತ್ತು ಬರೆಸಿಕೊಂಡು ಕೊಡಲಿ. ಅದರ ಮೇಲೆ ಖಜಾನೆಯಿಂದ ದುಡ್ಡು ಹಾಕುವುದು ಬೇಡ.

ಸ್ಟೇಡಿಯಂ ಬರುತ್ತಿರುವುದು ತುಮಕೂರಿಗೆ ಹತ್ತಿರದ ಸೋರೆಕುಂಟೆ ಬಳಿ, 40 ಎಕರೆಗೂ ಜಾಸ್ತಿ ಜಾಗದಲ್ಲಿ. 2024ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅಡಿಗಲ್ಲು ಹಾಕಿದರು. ಜಾಗ ಸರ್ಕಾರದ್ದು, ಕಟ್ಟುವುದು ಕೆಎಸ್‌ಸಿಎ, ಅಂದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಇದನ್ನು ಕೇಳಿದ ತಕ್ಷಣ ಬಹಳ ಜನ "ಕಟ್ಟೋದು ಅವರೇ ತಾನೇ, ನಮ್ಮ ದುಡ್ಡು ಎಲ್ಲಿ ಹೋಯ್ತು?" ಅನ್ನುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಹೆದ್ದಾರಿ ಹತ್ತಿರದ 40 ಎಕರೆ ಅಂದರೆ ಅದೇ ದುಡ್ಡು. ಆಮೇಲೆ ಅಲ್ಲಿಗೆ ಅಗಲ ರಸ್ತೆ ಬೇಕು, ವಿದ್ಯುತ್ ಲೈನ್ ಬೇಕು, ಒಳಚರಂಡಿ ಬೇಕು, ಮ್ಯಾಚ್ ದಿನ ಪೊಲೀಸರು ಬೇಕು. ಅವೆಲ್ಲ ಯಾರ ಲೆಕ್ಕಕ್ಕೆ ಹೋಗುತ್ತವೆ ಅನ್ನುವುದು ಅಡಿಗಲ್ಲಿನ ಮೇಲೆ ಬರೆದಿರುವುದಿಲ್ಲ, ಅಲ್ವಾ?

ಇನ್ನು ಜನರ ಮಾತು. ಊರಿನಲ್ಲಿ ನಾನು ಕೇಳಿಸಿಕೊಂಡಿದ್ದರಲ್ಲಿ ತೆರಿಗೆ ಅನ್ನುವ ಪದವೇ ಅಪರೂಪ. ಸೈಟು ಇರುವವರು ರೇಟು ಏರುತ್ತದೆ ಅಂತ ಖುಷಿಯಾಗಿದ್ದಾರೆ. ಜೂನಿಯರ್ ಕಾಲೇಜು ಮೈದಾನದಲ್ಲಿ ಆಡುವ ಹುಡುಗರಿಗೆ ನಮ್ಮೂರಿಗೂ ಒಂದು ದೊಡ್ಡ ಮೈದಾನ ಬರುತ್ತದೆ ಅನ್ನುವ ಹೆಮ್ಮೆ. ಆ ಹೆಮ್ಮೆ ಸುಳ್ಳಲ್ಲ, ನನಗೂ ಇದೆ. ಬೇಡ ಅನ್ನುವವರು ಹೆಚ್ಚಾಗಿ ನೀರಿನ ಮಾತು ಎತ್ತುತ್ತಾರೆ.

ಅಮೆರಿಕದಲ್ಲಿ ಮಾತು ಬೇರೆ ಥರ ನಡೆಯಲು ಕಾರಣ ಇದೆ. ಅಲ್ಲಿ ತಂಡಕ್ಕೆ ಮಾಲೀಕ ಇರುತ್ತಾನೆ, ಹೊಸ ಸ್ಟೇಡಿಯಂ ಕಟ್ಟಿಕೊಡದಿದ್ದರೆ ತಂಡವನ್ನೇ ಬೇರೆ ಊರಿಗೆ ಒಯ್ಯುತ್ತೇನೆ ಅನ್ನುತ್ತಾನೆ. ಜನ ಆ ಹೆದರಿಕೆಯಲ್ಲೇ ವೋಟ್ ಹಾಕಬೇಕು. ಆದರೂ ಎಲ್ಲ ಕಡೆ ಒಂದೇ ಉತ್ತರ ಬಂದಿಲ್ಲ. 2023ರ ಡಿಸೆಂಬರ್‌ನಲ್ಲಿ ಒಕ್ಲಹೋಮ ಸಿಟಿಯ ಬ್ಯಾಸ್ಕೆಟ್‌ಬಾಲ್ ಅಖಾಡಕ್ಕೆ 6 ವರ್ಷ ಮಾರಾಟ ತೆರಿಗೆ ಕೊಡಲು ಸುಮಾರು 71% ಮತದಾರರು ಒಪ್ಪಿದರು. ಕೆಲವೇ ತಿಂಗಳ ನಂತರ, 2024ರ ಏಪ್ರಿಲ್‌ನಲ್ಲಿ, ಕಾನ್ಸಸ್ ಸಿಟಿ ಇರುವ ಜಾಕ್ಸನ್ ಕೌಂಟಿಯಲ್ಲಿ ಎರಡು ತಂಡಗಳ ಸ್ಟೇಡಿಯಂಗಾಗಿ 40 ವರ್ಷದ ತೆರಿಗೆ ಕೇಳಿದಾಗ ಸುಮಾರು 58% ಜನ ಬೇಡ ಅಂದರು. ಲಾಸ್ ವೇಗಾಸ್‌ನಲ್ಲಿ ಜನರ ವೋಟ್ ಇಲ್ಲದೆ, ಶಾಸಕರೇ ಒಪ್ಪಿ ಸ್ಟೇಡಿಯಂಗೆ 75 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಟ್ಟರು. ಆದರೆ ಅದನ್ನು ಹೋಟೆಲ್ ರೂಮಿನ ತೆರಿಗೆಯಿಂದ ತೆಗೆದರು, ಅಂದರೆ ಬಹುಪಾಲು ಹೊರಗಿಂದ ಬಂದವರ ಜೇಬಿನಿಂದ. ಹಾಗಾಗಿ ಜನ ಆಟವನ್ನು ಇಷ್ಟಪಡುತ್ತಾರಾ ಅನ್ನುವುದಕ್ಕಿಂತ, ಯಾರು ಕೊಡಬೇಕು, ಎಷ್ಟು ವರ್ಷ ಕೊಡಬೇಕು ಅನ್ನುವುದೇ ವೋಟನ್ನು ತಿರುಗಿಸುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಹಾಗೆ ಕೇಳುವವರೇ ಇಲ್ಲ. ತುಮಕೂರು ಬಿಟ್ಟು ಹೋಗುತ್ತೇವೆ ಅಂತ ಹೆದರಿಸುವ ತಂಡವೂ ಇಲ್ಲ. ಕೆಎಸ್‌ಸಿಎ ನಡೆಸುವ ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಕೂಡ ತುಮಕೂರಿನ ಹೆಸರಿನ ತಂಡ ಇಲ್ಲ. ಇದು ನಮಗೆ ಒಳ್ಳೆಯದೇ. ಆತುರ ಇಲ್ಲದವನು ಚೆನ್ನಾಗಿ ಚೌಕಾಸಿ ಮಾಡಬಹುದು.

ವ್ಯಾಪಾರ ಹೆಚ್ಚುತ್ತದೆ ಅನ್ನುವ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸ್ಟೇಡಿಯಂ ಮೇಲೆ ಹಾಕಿದ ಸಾರ್ವಜನಿಕ ಹಣ ವಾಪಸ್ ಬರುವುದು ಕಷ್ಟ ಎಂದು ಅಲ್ಲಿನ ಹೆಚ್ಚಿನ ಅರ್ಥಶಾಸ್ತ್ರಜ್ಞರು ಬಹಳ ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಕಾರಣ ಸರಳ. ತುಮಕೂರಿನ ಮನೆಯೊಂದು ಮ್ಯಾಚ್ ಟಿಕೆಟ್‌ಗೆ ಕೊಡುವ ದುಡ್ಡು ಆ ತಿಂಗಳು ಸಿನಿಮಾಕ್ಕೋ ಹೋಟೆಲ್‌ಗೋ ಹೋಗುತ್ತಿತ್ತು. ದುಡ್ಡು ಜಾಗ ಬದಲಿಸಿತು ಅಷ್ಟೇ. ಬೆಂಗಳೂರಿನಿಂದ ಬಂದವರು? 70 ಕಿಲೋಮೀಟರ್ ದೂರ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ರಾತ್ರಿಯೇ ವಾಪಸ್ ಹೋಗುತ್ತಾರೆ, ಇಲ್ಲಿ ರೂಮು ಮಾಡುವುದಿಲ್ಲ. ಐಪಿಎಲ್ ತಂಡಕ್ಕೂ ಲೀಗ್ ಹಂತದಲ್ಲಿ ತವರಿನ ಪಂದ್ಯ ಸಿಗುವುದು ಏಳೇ. ರಾಜ್ಯ ಮಟ್ಟದ ಪಂದ್ಯಗಳಿಗೆ ತುಮಕೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಆಲೂರಿನಲ್ಲಿ ಕೆಎಸ್‌ಸಿಎಗೆ ಈಗಾಗಲೇ ಮೈದಾನಗಳಿವೆ. ಹಾಗಾದರೆ ಸೋರೆಕುಂಟೆಯ ಸ್ಟೇಡಿಯಂ ವರ್ಷದ ಉಳಿದ ದಿನ ಏನು ಮಾಡುತ್ತದೆ ಅನ್ನುವುದೇ ನನ್ನ ಮುಖ್ಯ ಪ್ರಶ್ನೆ.

ಕ್ರಿಕೆಟ್‌ಗೆ ದುಡ್ಡಿನ ಕೊರತೆಯೂ ಇಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಸ್ಪೈಕ್ ಶೂ ಕೊಳ್ಳಲು ಆಗದವರಿದ್ದಾರೆ. ಬಸ್ ಚಾರ್ಜ್‌ಗೆ ಯೋಚನೆ ಮಾಡುವವರಿದ್ದಾರೆ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಮಹಾತ್ಮ ಗಾಂಧಿ ಸ್ಟೇಡಿಯಂ ಹೊಸದಾದಾಗ ನಾನು ಮನಸಾರೆ ಒಪ್ಪಿದೆ, ಯಾಕೆಂದರೆ ಅದು ಜಿಲ್ಲಾ ಕ್ರೀಡಾಂಗಣ, ಒಂದೇ ಆಟಕ್ಕೆ ಸೀಮಿತವಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆಯ ತಾಲ್ಲೂಕು ಮೈದಾನಗಳಿಗೆ ತೆರಿಗೆ ಹಣ ಹಾಕಿ, ನಾನೇ ಮುಂದೆ ನಿಂತು ಬೆಂಬಲ ಕೊಡುತ್ತೇನೆ.

ನೀರಿನ ಮಾತು ಹೇಳಿದೆನಲ್ಲ, ಅದು ಸಣ್ಣದಲ್ಲ. ನಮ್ಮ ನಗರಕ್ಕೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಮನೆಗಳಿಗೆ ಹೋಗಬೇಕು. ಮೈದಾನದ ಹುಲ್ಲಿಗೆ ಬೇಸಿಗೆಯಲ್ಲೂ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಕಷ್ಟ ಬಂದಾಗ ಚಿನ್ನಸ್ವಾಮಿ ಮೈದಾನಕ್ಕೆ ಸಂಸ್ಕರಿಸಿದ ನೀರು ಕೊಡುವ ಏರ್ಪಾಡು ಮಾಡಿದರು. ಇಲ್ಲಿ ಮೊದಲ ದಿನದಿಂದಲೇ ಅಂಥ ನೀರು ಮಾತ್ರ ಅಂತ ಬರೆಸಿಕೊಳ್ಳಬೇಕು. ಜಿಲ್ಲೆಯ ಮಕ್ಕಳಿಗೆ ವಾರದಲ್ಲಿ ಇಂತಿಷ್ಟು ದಿನ ಮೈದಾನ ಬಿಟ್ಟುಕೊಡಬೇಕು, ಹುಡುಗಿಯರ ತಂಡಗಳಿಗೂ ಸೇರಿ. ಹೊರಗಿನ ಜಾಗದಲ್ಲಿ ಒಂದು ಓಟದ ದಾರಿ ಇರಲಿ. ಕೊಟ್ಟ ಮಾತು ತಪ್ಪಿದರೆ ಜಾಗ ವಾಪಸ್ ಅನ್ನುವ ಸಾಲು ಇಲ್ಲದೆ ಉಳಿದ ಯಾವ ಸಾಲಿಗೂ ಬೆಲೆ ಇಲ್ಲ.

ಖರ್ಚು ಬೇರೆಯವರದ್ದು ಅನ್ನುವ ಮಾತು ಬೇರೆ ಕಡೆಯೂ ಕೇಳಿದ್ದೇವೆ. ಬೆಂಗಳೂರು ಹತ್ತಿರದ ಸೂರ್ಯನಗರದಲ್ಲಿ 80,000 ಆಸನದ ಸ್ಟೇಡಿಯಂಗೆ 1,650 ಕೋಟಿ ಯೋಜನೆ ಬಂದಾಗ ಖರ್ಚು ಗೃಹ ಮಂಡಳಿಯದ್ದು ಅಂದರು. ಗೃಹ ಮಂಡಳಿ ಮನೆ ಕಟ್ಟಲು ಇರುವ ಸಾರ್ವಜನಿಕ ಸಂಸ್ಥೆ, ಅದರ ದುಡ್ಡೂ ನಮ್ಮದೇ.

ನೀವು ಕೋಲಾರದವರು ಅಂತ ಬರೆದಿದ್ದೀರಿ. ನಿಮ್ಮಲ್ಲೂ ಇಂಥ ಯೋಜನೆ ಬಂದರೆ ಪರ-ವಿರೋಧದ ಜಗಳಕ್ಕೆ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಜಾಗದ ಒಪ್ಪಂದ ಪತ್ರದ ಪ್ರತಿ, ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು, ರಸ್ತೆ ಮತ್ತು ನೀರಿನ ಖರ್ಚು ಯಾರದ್ದು, ಇಷ್ಟು ಕೇಳಿ. ಸಿಕ್ಕಿದ್ದನ್ನು ಇಲ್ಲಿ ಹಾಕಿ, ಓದಿ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ.