ಪಾದ್ರಿಯ ಗುಟ್ಟು ಯಾವುದು?

ಪ್ರಶ್ನೆ: ಮೊದಲ ಸಲ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1300ರ ಆಸುಪಾಸು. ಜಾಗ ದಕ್ಷಿಣ ಫ್ರಾನ್ಸಿನ ಬೆಟ್ಟದ ಒಂದು ಹಳ್ಳಿ. ಅಲ್ಲಿನ ಪಾದ್ರಿಗೂ ಒಬ್ಬ ವಿಧವೆಗೂ ಪ್ರೀತಿ. ಊರಿಗೆ ಗೊತ್ತಾಗದ ಹಾಗೆ ಇಟ್ಟು ಕೊನೆಯ ಅಧ್ಯಾಯದಲ್ಲಿ ಗುಟ್ಟು ಬಿಚ್ಚಿದ್ದೇನೆ. ಓದಿದ ಗೆಳತಿ ‘ಇದು ಶುರುವಿನಲ್ಲೇ ಗೊತ್ತಾಯಿತಲ್ಲ’ ಅಂದಳು. ಏನು ಮಾಡಲಿ?

ಉತ್ತರ: ಆ ಗುಟ್ಟನ್ನು ಮೊದಲ ಅಧ್ಯಾಯದಲ್ಲೇ ಬಿಟ್ಟುಕೊಡಿ. ಪಾದ್ರಿ, ವಿಧವೆ ಇಬ್ಬರೂ ಒಟ್ಟಿಗೆ ಬಂದ ಕೂಡಲೇ ಓದುಗರು ಊಹಿಸಿ ಆಗಿರುತ್ತದೆ. ಪುಸ್ತಕದ ಭಾರವನ್ನೆಲ್ಲ ಅದರ ಮೇಲೆ ಹಾಕಬೇಡಿ. ಪಾದ್ರಿಯ ಹತ್ತಿರ ಅದಕ್ಕಿಂತ ದೊಡ್ಡದೊಂದು ಇದೆ, ಊರಿನವರೆಲ್ಲರ ಗುಟ್ಟು.

ಇದನ್ನು ಸುಮ್ನೆ ಹೇಳುತ್ತಿಲ್ಲ. ನೀವು ಆರಿಸಿಕೊಂಡ ಕಾಲಕ್ಕೂ ಜಾಗಕ್ಕೂ ಸರಿಯಾಗಿ ಹೊಂದುವ ದಾಖಲೆಯೊಂದಿದೆ. ದಕ್ಷಿಣ ಫ್ರಾನ್ಸಿನ ಪಾಮಿಯೆ ಊರಿನ ಬಿಷಪ್ ಜಾಕ್ ಫುರ್ನಿಯೆ 1318ರಿಂದ 1325ರವರೆಗೆ ತನ್ನ ಸೀಮೆಯ ಜನರನ್ನು ಧರ್ಮದ್ರೋಹದ ಅನುಮಾನದ ಮೇಲೆ ಕರೆಸಿ ವಿಚಾರಣೆ ನಡೆಸಿದ. ಜನ ಮಾತಾಡಿದ್ದು ತಮ್ಮ ಒಕ್ಸಿಟಾನ್ ಭಾಷೆಯಲ್ಲಿ, ಗುಮಾಸ್ತರು ಬರೆದಿಟ್ಟಿದ್ದು ಲ್ಯಾಟಿನ್ನಿನಲ್ಲಿ. ಮುಂದೆ 1334ರಲ್ಲಿ ಇದೇ ಫುರ್ನಿಯೆ ಹನ್ನೆರಡನೇ ಬೆನೆಡಿಕ್ಟ್ ಎಂಬ ಹೆಸರಲ್ಲಿ ಪೋಪ್ ಆದ. ಆ ಹಸ್ತಪ್ರತಿ ಈಗಲೂ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಅದರೊಳಗೆ ಮೊಂತಾಯೂ ಅನ್ನುವ ಪುಟ್ಟ ಬೆಟ್ಟದೂರು ಇದೆ. ಅಲ್ಲಿನ ಪಾದ್ರಿ ಪಿಯೆರ್ ಕ್ಲೆರ್ಗ್. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ, ಬೆರ್ನಾರ್, ಊರಿನಲ್ಲಿ ಫುವಾ ಪ್ರಾಂತದ ದೊರೆಯ ಅಧಿಕಾರಿ. ಅಂದರೆ ದೇವರ ಕೆಲಸ, ದೊರೆಯ ಕೆಲಸ ಎರಡೂ ಒಂದೇ ಮನೆಯಲ್ಲಿ. ಅಲ್ಲಿಯ ಕೋಟೆಯ ಅಧಿಕಾರಿಯ ಹೆಂಡತಿಯಾಗಿ ಬಂದು ಗಂಡನನ್ನು ಕಳೆದುಕೊಂಡವಳು ಬೆಯಾತ್ರಿಸ್ ದ ಪ್ಲಾನಿಸೋಲ್. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಅವಳು ಪಾಪನಿವೇದನೆಗೆ ಹೋಗಿ ಪಾದ್ರಿಯ ಮುಂದೆ ಮೊಣಕಾಲೂರುತ್ತಾಳೆ. ಅವನು ತಬ್ಬಿಕೊಂಡು, ಲೋಕದಲ್ಲಿ ನಿನ್ನಷ್ಟು ಇಷ್ಟಪಡುವ ಹೆಂಗಸು ಇನ್ನೊಬ್ಬಳಿಲ್ಲ ಅನ್ನುತ್ತಾನೆ. ಅವಳು ಪಾಪ ಹೇಳಿಕೊಳ್ಳದೆಯೇ ಎದ್ದು ಬರುತ್ತಾಳೆ. ಆಮೇಲೆ ಅವನು ಬಿಡುವುದಿಲ್ಲ, ಕೊನೆಗೆ ಅವಳು ಒಪ್ಪುತ್ತಾಳೆ.

ಬೆಯಾತ್ರಿಸಳ ಹೇಳಿಕೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಪ್ರತಿ ಸಲ ಎರಡು ಕಡೆ ನಿಲ್ಲುತ್ತೇನೆ. ಒಂದು, ಅವರಿಬ್ಬರ ಮಾತುಕತೆ ನಡೆಯುತ್ತಿದ್ದ ಜಾಗ. ಕಿಟಕಿಯ ಹತ್ತಿರ, ಒಲೆಯ ಮುಂದೆ, ಹಾಸಿಗೆಯಲ್ಲಿ. ಅವಳು ಅವನ ತಲೆಯ ಹೇನು ಹೆಕ್ಕುತ್ತಿರುತ್ತಾಳೆ, ಅವನು ಪಾಪ, ಮದುವೆ, ಮೋಕ್ಷ ಅಂತ ತನ್ನ ವಾದ ಹೇಳುತ್ತಿರುತ್ತಾನೆ. ಹೆಂಗಸಿಗೆ ಗಂಡನ ಜೊತೆ ಸೇರುವುದೇ ಹೆಚ್ಚಿನ ಪಾಪ, ಯಾಕೆಂದರೆ ಅಲ್ಲಿ ಪಾಪ ಮಾಡುತ್ತಿದ್ದೇನೆ ಎಂಬ ಅರಿವೇ ಅವಳಿಗಿರುವುದಿಲ್ಲ ಎಂಬುದೂ ಅವನದೇ ವಾದ!

ಇನ್ನೊಂದು, ಆ ಗಿಡಮೂಲಿಕೆ. ಬಸಿರಾದರೆ ಏನು ಗತಿ ಎಂದು ಅವಳು ಹೆದರುತ್ತಾಳೆ. ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾನೆ. ಗಾತ್ರ ಕಿರುಬೆರಳಿನ ತುದಿಯಷ್ಟು. ಅದಕ್ಕೊಂದು ಉದ್ದನೆಯ ದಾರ, ಕೊರಳಿಗೆ ಹಾಕಿಕೊಳ್ಳಲು. ಅವರು ಸೇರುವಾಗೆಲ್ಲ ಅದು ಅವಳ ಮೈಮೇಲೆ ಇರಬೇಕು. ಅದನ್ನು ನನ್ನ ಹತ್ತಿರವೇ ಬಿಟ್ಟು ಹೋಗು ಎಂದು ಅವಳು ಕೇಳಿದರೆ ಅವನು ಒಪ್ಪುವುದಿಲ್ಲ. ಅದಿದ್ದರೆ ಅವಳು ಇನ್ನೊಬ್ಬನ ಹತ್ತಿರ ಹೋದಾಳು ಎಂಬ ಅನುಮಾನ. ಪ್ರತಿ ಸಲ ವಾಪಸ್ ತೆಗೆದುಕೊಂಡೇ ಹೋಗುತ್ತಾನೆ. ಆ ಸಂಬಂಧದಲ್ಲಿ ಯಾರ ಕೈ ಮೇಲಿತ್ತು ಎಂದು ಹೇಳಲು ನಿಮಗೆ ಬೇರೆ ಪುಟ ಬೇಕಾಗಿಲ್ಲ, ಅಲ್ವಾ?

ಈಗ ಗುಟ್ಟಿನ ವಿಷಯ. ಪಿಯೆರನ ಹೆಂಗಸರ ಸಹವಾಸ ಊರಿಗೆ ಗೊತ್ತಿತ್ತು. ಆದರೆ ಅವನು ಚರ್ಚು ಧರ್ಮದ್ರೋಹವೆಂದು ಸಾರಿದ್ದ ಕ್ಯಾಥರ್ ಪಂಥದ ಕಡೆಗೂ ಇದ್ದ, ಅಂಥವರನ್ನು ಹುಡುಕಿ ವಿಚಾರಿಸುವ ಚರ್ಚಿನ ನ್ಯಾಯಮಂಡಳಿಗೂ, ಅಂದರೆ ಕಾರ್ಕಸೋನ್ ಪಟ್ಟಣದ ಇನ್‌ಕ್ವಿಸಿಷನ್ನಿಗೂ, ಸುದ್ದಿ ಮುಟ್ಟಿಸುತ್ತಿದ್ದ. ಯಾರ ಮನೆಗೆ ಯಾವ ರಾತ್ರಿ ಯಾರು ಬಂದರು ಎಂಬುದು ಅವನಿಗೆ ತಿಳಿದಿತ್ತು. 1308ರಲ್ಲಿ ಇನ್‌ಕ್ವಿಸಿಷನ್ ಊರಿನ ಪ್ರಾಯಕ್ಕೆ ಬಂದವರನ್ನೆಲ್ಲ ಹಿಡಿದಾಗ ಯಾರನ್ನು ಕಾಪಾಡಬೇಕು, ಯಾರನ್ನು ಕೈಬಿಡಬೇಕು ಎಂಬುದರಲ್ಲಿ ಅವನ ಮಾತು ನಡೆಯಿತು. ಆ ಮನೆತನಕ್ಕೆ ಎದುರಾಗಿ ಮಾತಾಡಿದ ಮೆಂಗಾರ್ಡ್ ಮೌರ್ಸ್ ಎಂಬಾಕೆಯ ನಾಲಿಗೆಯನ್ನೇ ಕತ್ತರಿಸಿದರು. ನಿಮ್ಮ ಕಾದಂಬರಿಯ ಎದೆಬಡಿತ ಇರಬೇಕಾದದ್ದು ಇಲ್ಲಿ. ವಿಧವೆ ತನ್ನ ಪಕ್ಕದಲ್ಲಿ ಮಲಗಿದವನ ಕೈಯಲ್ಲಿ ಎಷ್ಟು ಜನರ ಜೀವ ಇದೆ ಎಂದು ತಿಳಿದುಕೊಳ್ಳುವ ಹೊತ್ತು ಯಾವುದು? ತಿಳಿದ ಮೇಲೂ ಅವಳು ಬಾಗಿಲು ತೆಗೆಯುತ್ತಾಳಾ?

ಇನ್ನೊಂದು ಮಾತು. ಪಿಯೆರ್ ಸೆರೆಮನೆಯಲ್ಲಿ ಸತ್ತ. ಅವನ ಸ್ವಂತ ಹೇಳಿಕೆ ಆ ದಾಖಲೆಯಲ್ಲಿ ಇಲ್ಲ. ಅವನ ಮಾತೆಲ್ಲ ನಮಗೆ ಸಿಗುವುದು ಬೇರೆಯವರ ಬಾಯಲ್ಲಿ, ಅದರಲ್ಲೂ ಜಾಸ್ತಿ ಹೆಂಗಸರ ಬಾಯಲ್ಲಿ. ಹಾಗಾಗಿ ನಿಮ್ಮ ಪಾದ್ರಿಯ ಮನಸ್ಸಿನೊಳಗೆ ಹೋಗಿ ಅಧ್ಯಾಯಗಟ್ಟಲೆ ಬರೆಯುವ ಬದಲು ಅವನನ್ನು ಪೂರ್ತಿ ಅವಳ ಕಣ್ಣಿಂದಲೇ ತೋರಿಸಿ ನೋಡಿ. ಕತೆ ಬಿಗಿಯಾಗುತ್ತದೆ.

ಪ್ರಶ್ನೆ: ನನ್ನ ಕತೆಯೂ ಅದೇ ಕಾಲದ್ದು. ಪಾಪನಿವೇದನೆಯ ಪೆಟ್ಟಿಗೆಯಲ್ಲಿ, ಜಾಲರಿಯ ಆಚೆ ಈಚೆ ಕೂತು ಇಬ್ಬರೂ ಮೊದಲ ಸಲ ಮಾತಾಡುವ ದೃಶ್ಯ ಬರೆದಿದ್ದೇನೆ. ಕೇಳಿದ್ದನ್ನು ಪಾದ್ರಿ ಹೊರಗೆ ಹೇಳಿದರೆ ಏನು ಶಿಕ್ಷೆ?

ಉತ್ತರ: ಪೆಟ್ಟಿಗೆ ತೆಗೆದುಬಿಡಿ. ಅದು ಬಳಕೆಗೆ ಬಂದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ, ಮಿಲಾನಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮೆಯೊ ಕಾಲಕ್ಕೆ. 1300ರಲ್ಲಿ ಪಾಪ ಹೇಳಿಕೊಳ್ಳುವವಳು ಚರ್ಚಿನೊಳಗೆ ಎಲ್ಲರಿಗೂ ಕಾಣುವ ಹಾಗೆಯೇ, ಪಾದ್ರಿಯ ಎದುರು ಮೊಣಕಾಲೂರುತ್ತಿದ್ದಳು. ನಡುವೆ ಮರೆ ಇಲ್ಲ. ನಿಮ್ಮ ದೃಶ್ಯಕ್ಕೆ ಅದೇ ಒಳ್ಳೆಯದು. ಉಸಿರು ತಾಗುವಷ್ಟು ಹತ್ತಿರ, ಪಕ್ಕದಲ್ಲಿ ಸರದಿಗೆ ಕಾಯುತ್ತಿರುವ ಜನ.

ಶಿಕ್ಷೆ ರೋಮಿನಲ್ಲಿ ಸೇರಿದ ಚರ್ಚಿನ ಮಹಾಸಭೆಯಲ್ಲಿ, 1215ರ ನಾಲ್ಕನೇ ಲ್ಯಾಟರನ್ ಸಭೆಯಲ್ಲೇ, ತೀರ್ಮಾನವಾಗಿತ್ತು. ಪ್ರಾಯಕ್ಕೆ ಬಂದವರೆಲ್ಲ ವರ್ಷಕ್ಕೆ ಒಮ್ಮೆಯಾದರೂ ತಮ್ಮ ಪಾದ್ರಿಗೆ ಪಾಪ ಹೇಳಿಕೊಳ್ಳಬೇಕು. ಮಾತಿನಿಂದಾಗಲಿ, ಸನ್ನೆಯಿಂದಾಗಲಿ ಅದನ್ನು ಬಯಲು ಮಾಡಿದ ಪಾದ್ರಿಯ ಪಟ್ಟ ಹೋಗುತ್ತದೆ, ಕಟ್ಟುನಿಟ್ಟಿನ ಮಠವೊಂದರಲ್ಲಿ ಬದುಕಿರುವವರೆಗೆ ಪ್ರಾಯಶ್ಚಿತ್ತ.

ಪ್ರಶ್ನೆ: ಇಂಥ ಕತೆಗಳಲ್ಲಿ ನಂಬಿಕೆಯನ್ನು ಯಾವಾಗಲೂ ಪ್ರೀತಿಯ ಶತ್ರು ಎಂದೇ ಯಾಕೆ ತೋರಿಸುತ್ತಾರೆ? ಭಕ್ತಳಾದ ನನಗೆ ಓದುವಾಗ ನೋವಾಗುತ್ತದೆ.

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲೂ ನಾಯಕಿ ಪ್ರೀತಿಸಿದ ಮರುಗಳಿಗೆಯೇ ದೇವರನ್ನು ಬಿಟ್ಟಿರುತ್ತಾಳೆ. ಅಷ್ಟು ಸುಲಭವಾಗಿ ಯಾರೂ ಬಿಡುವುದಿಲ್ಲ.

ಬೆಯಾತ್ರಿಸಳನ್ನೇ ನೋಡಿ. ಒಂದು ರಾತ್ರಿ ಪಿಯೆರ್ ಅವಳನ್ನು ಪ್ರಾದ್ ಎಂಬ ಪಕ್ಕದ ಊರಿನ ಸಂತ ಪೇತ್ರರ ಚರ್ಚಿಗೆ ಕರೆಸಿಕೊಂಡ. ಕತ್ತಲಲ್ಲಿ ಒಳಗೆ ಹೋದರೆ ಅಲ್ಲೇ ಹಾಸಿಗೆ ಹಾಸಿದೆ. ಸಂತ ಪೇತ್ರರ ಚರ್ಚಿನಲ್ಲಿ ಇಂಥದ್ದು ಮಾಡುವುದು ಹೇಗೆ ಎಂದು ಅವಳು ಕೇಳಿದಳು. ಸಂತನಿಗೇನು ನಷ್ಟ ಎಂಬಂತೆ ಅವನು ಮಾತು ತೇಲಿಸಿದ. ಅಳುಕಿದ್ದು ಅವಳು, ಪಾದ್ರಿಯಲ್ಲ. ವರ್ಷಗಳ ನಂತರ ಅವಳನ್ನು ಹಿಡಿದಾಗ ಗಂಟಿನಲ್ಲಿ ಮೊಮ್ಮಕ್ಕಳ ಹೊಕ್ಕುಳಬಳ್ಳಿ ಸಿಕ್ಕಿತು. ಜೊತೆಗೆ ಧೂಪದ ಕಾಳು. ಬಳ್ಳಿ ಜೊತೆಗಿದ್ದರೆ ವ್ಯಾಜ್ಯದಲ್ಲಿ ಸೋಲಿಲ್ಲ, ಧೂಪ ತಲೆನೋವಿಗೆ ಎಂದಳು. ಚರ್ಚು, ಕ್ಯಾಥರ್ ಬೋಧನೆ, ಅಜ್ಜಿಯರ ನಂಬಿಕೆ ಎಲ್ಲ ಅವಳೊಬ್ಬಳಲ್ಲೇ ಇದ್ದವು. ಒಂದನ್ನೊಂದು ಓಡಿಸಲಿಲ್ಲ. ಕಾದಂಬರಿಕಾರರು ಇಂಥ ಮನಸ್ಸನ್ನು ಹಿಡಿದರೆ ನಿಮ್ಮಂಥ ಓದುಗರು ಪುಸ್ತಕ ಮುಚ್ಚುವುದಿಲ್ಲ.

ಪ್ರಶ್ನೆ: ನನ್ನ ಕತೆಯಲ್ಲಿ ಪಾದ್ರಿ ಮತ್ತು ಹುಡುಗಿ ಓಡಿಹೋಗಿ ಮದುವೆಯಾಗಿ ಸುಖವಾಗಿರುತ್ತಾರೆ. ಆ ಕಾಲದಲ್ಲಿ ಇದು ಸಾಧ್ಯವಿತ್ತೇ?

ಉತ್ತರ: ಓಡಿಹೋಗುವುದು ಸಾಧ್ಯವಿತ್ತು, ಮದುವೆ ಇಲ್ಲ. 1139ರ ಎರಡನೇ ಲ್ಯಾಟರನ್ ಸಭೆ ಪಾದ್ರಿಗಳ ಮದುವೆ ಮದುವೆಯೇ ಅಲ್ಲ ಎಂದು ಹೇಳಿಬಿಟ್ಟಿತ್ತು. ಆದರೂ ಜನ ದಾರಿ ಹುಡುಕಿಕೊಳ್ಳುತ್ತಿದ್ದರು. ಮೇಲೆ ಹೇಳಿದ ಬೆಯಾತ್ರಿಸ್ ಎರಡನೇ ಗಂಡನೂ ಸತ್ತ ಮೇಲೆ ಬಾರ್ತೆಲೆಮಿ ಅಮಿಯಾಕ್ ಎಂಬ ಕಿರಿಯ ಪಾದ್ರಿಯನ್ನು ಪ್ರೀತಿಸಿದಳು. ಪಾದ್ರಿಗಳು ಹೆಂಗಸರ ಜೊತೆ ಬಹಿರಂಗವಾಗಿ ಸಂಸಾರ ಮಾಡುತ್ತಿದ್ದ ಪಿರೆನೀಸ್ ಬೆಟ್ಟದಾಚೆಯ ಪಾಲಾರ್ಸ್ ಸೀಮೆಗೆ ಇಬ್ಬರೂ ಹೋದರು. ಅಲ್ಲಿ ಒಪ್ಪಂದದ ಪತ್ರ ಬರೆಸಿಕೊಂಡು ಒಟ್ಟಿಗೆ ಇದ್ದರು. ಜಗಳವೂ ಆಯಿತು.

ಆಮೇಲೆ ಇಬ್ಬರೂ ಫುರ್ನಿಯೆಯ ಕೈಗೆ ಸಿಕ್ಕಿದರು. 1321ರ ಮಾರ್ಚ್‌ನಲ್ಲಿ ಸೆರೆವಾಸ. 1322ರ ಜುಲೈ 4ರಂದು ಇಬ್ಬರಿಗೂ ಬಿಡುಗಡೆ. ಅವಳು ಮಾತ್ರ ಬಟ್ಟೆಯ ಮೇಲೆ ಧರ್ಮದ್ರೋಹದ ಗುರುತಾದ ಹಳದಿ ಶಿಲುಬೆ ಹೊಲಿಸಿಕೊಂಡು ಓಡಾಡಬೇಕಿತ್ತು, ಅವನಿಗೆ ಆ ಗುರುತು ಇರಲಿಲ್ಲ. ನಿಮ್ಮ ಸುಖದ ಮುಕ್ತಾಯ ಬೇಡ ಎನ್ನುತ್ತಿಲ್ಲ. ಆದರೆ ಆ ಸುಖ ಒಂದು ವರ್ಷದ್ದಾಗಿರಲಿ, ಅದಕ್ಕೆ ಇಬ್ಬರೂ ತೆತ್ತ ಬೆಲೆ ಒಂದೇ ಆಗಿರದಿರಲಿ. ಕೊನೆಯ ಎರಡು ಅಧ್ಯಾಯ ಹಾಗೆ ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.