ಟೆಕ್ನಿಕಲ್ ಪ್ರೋಗ್ರೆಸಿವ್ ಮೆಟಲ್‌ನಲ್ಲಿ, ಅಂದರೆ ಜಟಿಲ ತಾಳದ ಆ ಅಬ್ಬರದ ಗಿಟಾರ್ ಸಂಗೀತದಲ್ಲಿ, ಅಂಥದ್ದೇನಿದೆ? ಅದು ಬರೀ ಕಸರತ್ತಲ್ಲವೇ?

ಅರ್ಧ ಕಸರತ್ತೇ, ಒಪ್ಪಿದೆ. ಬೆರಳಿನ ವೇಗ ತೋರಿಸಲೆಂದೇ ಕಟ್ಟಿದ ಹಾಡುಗಳು ಈಗ ನನಗೂ ಎರಡು ನಿಮಿಷಕ್ಕೆ ಸಾಕಾಗುತ್ತವೆ. ಉಳಿದರ್ಧ ಏನೆಂದು ತಿಳಿದದ್ದು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ, ಅಡಿಕೆ ಸುಲಿಯುವಾಗ.

ಕೊನೆಕೊಯ್ಲಿನ ಸಮಯದಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಎದುರು ಸಾಲಾಗಿ ಕೂರುತ್ತೇವೆ. ನಿದ್ದೆ ಬರದಂತೆ ಏನಾದರೂ ಹಚ್ಚಬೇಕು, ಹೆಚ್ಚಾಗಿ ಯಕ್ಷಗಾನದ ಪದ. ಒಂದು ದಿನ ನಾನು ಸ್ವೀಡನ್ನಿನ ಮೆಶುಗಾ ತಂಡದ 'ಬ್ಲೀಡ್' ಹಚ್ಚಿದೆ, 2008ರ ಹಾಡು. "ಮಿಕ್ಸಿ ಹಾಳಾದಂಗೆ ಕೇಳ್ತು" ಎನ್ನುತ್ತ ಆಯಿ ಒಳಗೆ ಹೋದಳು. ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ಸುಲಿಯುವುದನ್ನೇ ನಿಲ್ಲಿಸಿದ. ಊರಿನ ಯಕ್ಷಗಾನದ ಆಟಕ್ಕೆ ಮದ್ದಳೆ ಬಾರಿಸುವವ ಅವನು.

"ತಮಾ, ತಾಳ ತಪ್ಪಿದ್ದಿಲ್ಲೆ. ಮೇಲೆ ನಾಕೇ ಹೊಡೀತಾ ಇದ್ದ. ಕೆಳಗೆ ಮೂರ್ಮೂರು ಹೋಗ್ತಾ ಇದ್ದು."

ವರ್ಷಗಟ್ಟಲೆ ಕೇಳಿದ ನನಗೆ ಆವರೆಗೆ ಆ ಲೆಕ್ಕ ಸಿಕ್ಕಿರಲಿಲ್ಲ. ಡ್ರಮ್ಮರ್ ಟೊಮಾಸ್ ಹಾಕೆ ಕಾಲಿನ ಪೆಡಲ್‌ನಲ್ಲಿ ಎರಡು ಪೆಟ್ಟು ಬೇಗ, ಎರಡು ಪೆಟ್ಟು ನಿಧಾನ ಹಾಕುತ್ತಾನೆ. ಬೇಗದ ಎರಡು ಸೇರಿ ಒಂದು ಸಣ್ಣ ಮಾತ್ರೆ (ತಾಳದ ಎಣಿಕೆ), ನಿಧಾನದ್ದು ಒಂದೊಂದು; ಒಟ್ಟು 3. ಗಿಟಾರೂ ಅದರ ಬೆನ್ನಿಗೇ ಹೋಗುತ್ತದೆ. ಎಂಟು ತಂತಿಯ, ಬಹಳ ಕೆಳಗಿನ ಶ್ರುತಿಯ ಗಿಟಾರು. ರಾಗಕ್ಕಿಂತ ಪೆಟ್ಟೇ ಜಾಸ್ತಿ, ಹೆಚ್ಚುಕಡಿಮೆ ಮದ್ದಳೆಯೇ. ಕೈಯಲ್ಲಿ ಮಾತ್ರ ಸಿಂಬಲ್ ಎಂಬ ಲೋಹದ ತಟ್ಟೆ ನಾಲ್ಕರ ನಡೆ ಬಿಡುವುದಿಲ್ಲ. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಅಂಥ ಸಣ್ಣ ಮಾತ್ರೆ 16. 16ನ್ನು 3 ಭಾಗಿಸುವುದಿಲ್ಲವಲ್ಲ, ಹಾಗಾಗಿ ಮೂರರ ಗುಂಪು ಆವರ್ತದಿಂದ ಆವರ್ತಕ್ಕೆ ಜಾರುತ್ತದೆ. ಹಾಗೇ ಬಿಟ್ಟರೆ 48ಕ್ಕೆ, ಅಂದರೆ ಮೂರು ಆವರ್ತ ಮುಗಿದಾಗ, ಎರಡೂ ಕೂಡುತ್ತವೆ. ಕೆಳಗಿನದನ್ನು ಹಿಡಿದು ಕೇಳಿದರೆ ಒಂದು ಹಾಡು, ಮೇಲಿನದನ್ನು ಹಿಡಿದರೆ ಇನ್ನೊಂದು. ಎರಡೂ ಒಟ್ಟಿಗೆ ಕಿವಿಗೆ ಸಿಕ್ಕಿದ ದಿನ ನನಗಾದ ಖುಷಿಯನ್ನು ಹೇಗೆ ಹೇಳಲಿ! ಈ ಸಂಗೀತದ ರುಚಿ ನನ್ನ ಮಟ್ಟಿಗೆ ಅದೇ.

ನಮ್ಮ ಕಡೆಯವರಿಗೆ ಇದು ಅಷ್ಟೇನೂ ಹೊಸದಲ್ಲ. ಯಕ್ಷಗಾನದಲ್ಲಿ ತ್ರಿವುಡೆ ತಾಳಕ್ಕೆ 7 ಅಕ್ಷರ (ಎಣಿಕೆ), ಝಂಪೆ ತಾಳಕ್ಕೆ 10. ಬೆಳಗಿನ ಜಾವದವರೆಗೆ ಕೂತು ನೋಡುವ ಯಾರೂ ಅದನ್ನು 'ಟೆಕ್ನಿಕಲ್' ಎನ್ನುವುದಿಲ್ಲ; ವೇಷ ಕುಣಿಯುತ್ತದೆ, ನೋಡುತ್ತೇವೆ. ಅಮೆರಿಕದ ಟೂಲ್ ತಂಡದ 'ಲ್ಯಾಟರಾಲಸ್' (2001) ನನಗೆ ಇಷ್ಟವಾಗುವುದೂ ಅದಕ್ಕೇ. ಪಲ್ಲವಿಯ ಜಾಗದಲ್ಲಿ 9, 8, 7 ಎಂದು ತಾಳ ಇಳಿಯುತ್ತದೆ, ಸಾಹಿತ್ಯದ ಸಾಲುಗಳ ಅಕ್ಷರ ಸಂಖ್ಯೆ ಫಿಬೊನಾಚಿ ಸರಣಿಯಲ್ಲಿ (1, 1, 2, 3, 5, 8 ಹೀಗೆ, ಹಿಂದಿನೆರಡು ಕೂಡಿದರೆ ಮುಂದಿನದು) ಏರಿಳಿಯುತ್ತದೆ. ಇಷ್ಟೆಲ್ಲ ಗೊತ್ತಿಲ್ಲದೆಯೂ ತಲೆದೂಗಬಹುದು. ಇನ್ನೊಂದು ತಂಡವಾದ ಡ್ರೀಮ್ ಥಿಯೇಟರ್‌ನ 1999ರ 'ದಿ ಡ್ಯಾನ್ಸ್ ಆಫ್ ಇಟರ್ನಿಟಿ'ಯಲ್ಲಿ ಆರು ನಿಮಿಷ ಚಿಲ್ಲರೆಯಲ್ಲಿ 100ಕ್ಕೂ ಹೆಚ್ಚು ಸಲ ತಾಳ ಬದಲಾಗುತ್ತದೆ. ಬಾರಿಸುವವರಿಗೆ ದೊಡ್ಡ ನಮಸ್ಕಾರ. ಆದರೆ ಒಂದು ನಡೆ ಮೈಗೆ ಹತ್ತುವ ಮೊದಲೇ ಅವರು ಇನ್ನೊಂದಕ್ಕೆ ಹಾರಿರುತ್ತಾರೆ. ನೀವು ಕಸರತ್ತು ಎನ್ನುವುದು ಇದನ್ನಾದರೆ ನನ್ನ ತಕರಾರಿಲ್ಲ.

ಅಪ್ಪಚ್ಚಿಯ ತಕರಾರು ಬೇರೆ. ಮೆಶುಗಾದವರು ಬೆಸ ಲೆಕ್ಕದ, ಮರಳಿ ಮರಳಿ ಬರುವ ಗಿಟಾರ್ ತುಣುಕಾದ ರಿಫ್‌ ಅನ್ನು ಸುತ್ತಿಸಿ ಸುತ್ತಿಸಿ, ಎಂಟೋ ಹದಿನಾರೋ ಆವರ್ತ ತುಂಬುತ್ತಲೇ ಉಳಿದ ತುಂಡನ್ನು ಕತ್ತರಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಾರೆ. "ಕಡಿದು ಹಾಕದು ಎಂತಕ್ಕೆ? ಮುಕ್ತಾಯ ಕಟ್ಟಕ್ಕು" ಎನ್ನುತ್ತಾನೆ ಅವನು; ತಾಳಕ್ಕೆ ಕೂಡುವಂತೆ ಪೆಟ್ಟು ಜೋಡಿಸಿ ಮುಗಿಸಬೇಕು ಎಂದು. ಆ ದಿಢೀರ್ ಕತ್ತರಿಯಲ್ಲೇ ಮಜಾ ಇರುವುದು ಎಂದು ನಾನು. ನಾಲ್ಕು ವರ್ಷವಾಯಿತು, ಇನ್ನೂ ತೀರ್ಮಾನವಾಗಿಲ್ಲ.

ನೀವು 'ಬ್ಲೀಡ್' ಹಚ್ಚಿ ಕೇಳುವುದಾದರೆ ಮೊದಲ ಸಲ ಗಿಟಾರಿನ ಗೊಡವೆ ಬೇಡ. ಸಿಂಬಲ್ ಒಂದನ್ನೇ ಹಿಡಿದು ತೊಡೆಯ ಮೇಲೆ ತಾಳ ಹಾಕಿ. ಕಿರುಚುವ ದನಿ ಸಹಿಸಲಾಗದಿದ್ದರೆ ಆನಿಮಲ್ಸ್ ಆಸ್ ಲೀಡರ್ಸ್ ಎಂಬ ತಂಡದ್ದು ಹಚ್ಚಿ, ಅಲ್ಲಿ ಹಾಡುವವರೇ ಇಲ್ಲ.