ಸ್ಕೂಲ್ ಬಾಯ್ಲರ್‌ಗೆ ಕರಿದ ಎಣ್ಣೆ!

ಪ್ರಶ್ನೆ: ನಾವಿರೋದು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ. ಇಲ್ಲಿಗೆ ಗ್ಯಾಸ್ ಪೈಪ್ ಬಂದಿಲ್ಲ. ಮಗಳ ಸ್ಕೂಲನ್ನು ಬೆಚ್ಚಗಿಡುವ ಬಾಯ್ಲರ್ ಸೀಮೆಎಣ್ಣೆಯಲ್ಲಿ ಉರಿಯುತ್ತೆ. ಈ ಚಳಿಗಾಲ ಅದಕ್ಕೆ ಎಚ್‌ವಿಒ ಅನ್ನೋ ಸಸ್ಯದ ಎಣ್ಣೆ ಹಾಕಿ ನೋಡ್ತಾರಂತೆ. ಬೋಂಡಾ ಕರಿದ ವಾಸನೆ ಬರುತ್ತಾ? ಎಣ್ಣೆ ಗಟ್ಟಿಯಾಗಿ ಬಾಯ್ಲರ್ ಕೈಕೊಟ್ಟರೆ ಮಕ್ಕಳ ಗತಿ ಏನು?

ಉತ್ತರ: ನಿಮ್ಮ ಎರಡನೇ ಭಯಕ್ಕೆ ಕಾರಣ ಇದೆ. ಡಿಸೆಂಬರಿನಲ್ಲಿ ಬಚ್ಚಲಮನೆಯ ತೆಂಗಿನೆಣ್ಣೆ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿದವರೇ ಅಲ್ವಾ ನಾವೆಲ್ಲ? ಆದರೆ ‘ಸಸ್ಯದ ಎಣ್ಣೆ’ ಅನ್ನೋ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಓಡಾಡುತ್ತವೆ. ಗಾಣದಿಂದ ಬಂದ ಹಸಿ ಎಣ್ಣೆ ಒಂದು. ಅದನ್ನು ಮೆಥನಾಲ್ ಅನ್ನೋ ಆಲ್ಕೋಹಾಲ್ ಜೊತೆ ರಾಸಾಯನಿಕ ಕ್ರಿಯೆಗೆ ಒಳಪಡಿಸಿ ತೆಳುವಾಗಿಸಿದ್ದು ಬಯೋಡೀಸೆಲ್. ಇದು ಥಂಡಿಗೆ ಮಂದವಾಗುತ್ತೆ, ಗಾಳಿಯ ತೇವ ಹೀರಿಕೊಳ್ಳುತ್ತೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಕೆಡುತ್ತೆ.

ಎಚ್‌ವಿಒ (ಹೈಡ್ರೋಟ್ರೀಟೆಡ್ ವೆಜಿಟೆಬಲ್ ಆಯಿಲ್) ದಾರಿ ಬೇರೆ. ಸಸ್ಯದ ಎಣ್ಣೆಯನ್ನು, ಅದು ಕರಿದು ಉಳಿದದ್ದಾದರೂ ಸರಿ, ಜೋರು ಶಾಖ, ಜೋರು ಒತ್ತಡದಲ್ಲಿ ಹೈಡ್ರೋಜನ್ ಜೊತೆ ಸೇರಿಸಿ ಅದರೊಳಗಿನ ಆಮ್ಲಜನಕವನ್ನು ತೆಗೆದುಬಿಡುತ್ತಾರೆ. ಉಳಿಯೋದು ಪೆಟ್ರೋಲ್ ಬಂಕಿನ ಡೀಸೆಲ್‌ಗೆ ತುಂಬಾ ಹತ್ತಿರದ ದ್ರವ. ನೀರಿನಂತೆ ತಿಳಿ, ವಾಸನೆಯೂ ಅಷ್ಟಕ್ಕಷ್ಟೆ. ಬೋಂಡಾದ ಸುಳಿವೇ ಇರಲ್ಲ. ಚಳಿಗಾಲಕ್ಕೆಂದೇ ಮಾಡಿದ ಸರಕು ಸೊನ್ನೆಗಿಂತ 30 ಡಿಗ್ರಿ ಕೆಳಗೂ ತೆಳ್ಳಗೇ ಇರುತ್ತೆ. ನಿಮ್ಮ ಹಳ್ಳಿಯ ಜನವರಿ ಅದಕ್ಕೊಂದು ಲೆಕ್ಕವೇ ಅಲ್ಲ.

ಇದು ಮೊದಲ ಪ್ರಯೋಗವೂ ಅಲ್ಲ. ಇಂಗ್ಲೆಂಡಿನದೇ ಕಾರ್ನ್‌ವಾಲ್ ಪ್ರಾಂತ್ಯದ ಕೆಹೆಲ್ಯಾಂಡ್ ಅನ್ನೋ ಪುಟ್ಟ ಹಳ್ಳಿಯಲ್ಲಿ ಮನೆಗಳ ಜೊತೆ ಶಾಲೆ, ಚರ್ಚುಗಳ ಬಾಯ್ಲರನ್ನೂ ಎಚ್‌ವಿಒಗೆ ತಿರುಗಿಸಿದ್ದಾರೆ. ಕೆಲಸ ದೊಡ್ಡದೇನಲ್ಲ. ಬರ್ನರ್ ತುದಿಯ ನಾಝಲ್ ನೋಡಿದ್ದೀರಾ? ಹೆಬ್ಬೆರಳಿನ ಗಾತ್ರದ ಹಿತ್ತಾಳೆ ತುಂಡು, ಮೂತಿಯಲ್ಲಿ ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಂಥ ತೂತು. ಎಣ್ಣೆ ಅಲ್ಲಿಂದ ಮಂಜಿನ ಹಾಗೆ ಚಿಮ್ಮಬೇಕು. ಎಣ್ಣೆ ಬದಲಾದರೆ ನಾಝಲ್ ಬದಲಿಸಿ, ಪಂಪಿನ ಒತ್ತಡ, ಗಾಳಿಯ ಅಳತೆ ಎಲ್ಲ ಹೊಸದಾಗಿ ಕೂರಿಸಬೇಕು. ಒಳಗೆ ಜ್ವಾಲೆ ಕಾಯುವ ಒಂದು ‘ಕಣ್ಣು’ ಇರುತ್ತೆ. ಬೆಂಕಿ ಕಾಣದಿದ್ದರೆ ಅದು ಬಾಯ್ಲರನ್ನೇ ನಿಲ್ಲಿಸಿಬಿಡುತ್ತೆ. ಹೊಸ ಎಣ್ಣೆಯ ಜ್ವಾಲೆಯ ಬಣ್ಣ ಹಳೇ ಕಣ್ಣಿಗೆ ಹಿಡಿಸದಿದ್ದರೆ ಅದನ್ನೂ ಬದಲಿಸಬೇಕು. ಇದನ್ನೆಲ್ಲ ಮಾಡದೆ ಸುಮ್ನೆ ಟ್ಯಾಂಕ್ ತುಂಬಿಸಿದರೆ, ಸೋಮವಾರ ಬೆಳಗ್ಗೆ ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳಬೇಕಾದೀತು. ಬಾಯ್ಲರ್ ಕಂಪನಿ ಎಚ್‌ವಿಒಗೆ ಒಪ್ಪಿಗೆ ಕೊಟ್ಟಿದೆಯಾ ಅಂತಲೂ ಸ್ಕೂಲಿನವರನ್ನು ಕೇಳಿ.

ನನಗೆ ಬಾಯ್ಲರಿನ ಚಿಂತೆ ಇಲ್ಲ, ಎಣ್ಣೆಯ ಚಿಂತೆ ಇದೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಎಚ್‌ವಿಒ ಉರಿದರೂ ಚಿಮಣಿಯಿಂದ ಬರೋದು ಹೆಚ್ಚುಕಮ್ಮಿ ಅಷ್ಟೇ! ‘ಇಂಗಾಲ ಶೇ. 90ರವರೆಗೆ ಕಡಿಮೆ’ ಅಂತ ಎಚ್‌ವಿಒ ಮಾರುವವರು ಹೇಳೋದು ಗಿಡ ಬೆಳೆಯುವಾಗ ಹೀರಿಕೊಂಡ ಇಂಗಾಲವನ್ನು ಕಳೆದು ಮಾಡುವ ಲೆಕ್ಕ. ಹೋಟೆಲಿನಲ್ಲಿ ಕರಿದು ಬಿಟ್ಟ ಎಣ್ಣೆಯಾದರೆ ಆ ಲೆಕ್ಕ ನಿಲ್ಲುತ್ತೆ. ಕಾಡು ಕಡಿದು ಬೆಳೆದ ತಾಳೆಯಾದರೆ ಪೂರ್ತಿ ಉಲ್ಟಾ. ಹೊಸ ತಾಳೆ ಎಣ್ಣೆಯನ್ನೇ ‘ಬಳಸಿದ್ದು’ ಅಂತ ಯೂರೋಪಿಗೆ ಸಾಗಿಸುತ್ತಾರೆ ಅನ್ನೋ ಅನುಮಾನ ಹಳೆಯದು. ಜೊತೆಗೆ ಇದೇ ಕರಿದ ಎಣ್ಣೆಗೆ ಲಾರಿಯವರೂ ವಿಮಾನದವರೂ ಕೈ ಚಾಚಿದ್ದಾರೆ. ಬ್ರಿಟನ್ನಿನಲ್ಲಿ ವಾಹನಕ್ಕೆ ಹಾಕುವ ಎಚ್‌ವಿಒಗೆ ಸರ್ಕಾರಿ ಯೋಜನೆಯ ಬೆಂಬಲ ಸಿಕ್ಕಿತು, ಬಾಯ್ಲರಿಗೆ ಹಾಕುವುದಕ್ಕೆ ಸಿಗಲಿಲ್ಲ. ಸೀಮೆಎಣ್ಣೆಗಿಂತ ಅದು ದುಬಾರಿಯಾಗಲು ಇದೂ ಒಂದು ಕಾರಣ. 2023ರ ಎನರ್ಜಿ ಕಾಯ್ದೆಯಲ್ಲಿ ಬಾಯ್ಲರ್ ಎಣ್ಣೆಗೂ ಅಂಥ ಬೆಂಬಲ ಕೊಡಲು ಒಂದು ದಾರಿ ತೆರೆದಿಟ್ಟರು. ಎಣ್ಣೆ ಎಲ್ಲಿಂದ ಬಂತು ಅನ್ನೋ ಪ್ರಮಾಣಪತ್ರ ತೋರಿಸಿ ಅಂತ ಪೋಷಕರ ಸಭೆಯಲ್ಲಿ ಧೈರ್ಯವಾಗಿ ಕೇಳಿ.

ಪೂರ್ತಿ ಬದಲಿಸುವ ಬದಲು ಬೆರೆಸುವ ದಾರಿಯೂ ಇದೆ. ನ್ಯೂಯಾರ್ಕ್ ನಗರ 2012ರಲ್ಲಿ ಕಟ್ಟಡಗಳ ಹೀಟಿಂಗ್ ಆಯಿಲ್‌ಗೆ ಶೇ. 2 ಬಯೋಡೀಸೆಲ್ ಕಡ್ಡಾಯ ಮಾಡಿತು. 2017ರಲ್ಲಿ ಅದು ಶೇ. 5 ಆಯಿತು. 2034ಕ್ಕೆ ಶೇ. 20 ಆಗಬೇಕು. ನಿಧಾನ ಅನಿಸಬಹುದು, ಆದರೆ ಯಾರ ಬಾಯ್ಲರನ್ನೂ ಬಿಚ್ಚಬೇಕಾಗಿಲ್ಲ.

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೊಂಗೆ ಬೇಕಾದಷ್ಟಿದೆ. ಆಸ್ಪತ್ರೆ, ಹಾಸ್ಟೆಲ್ ಬಾಯ್ಲರಿಗೆ ಹೊಂಗೆಎಣ್ಣೆ ಆಗಲ್ವಾ?

ಉತ್ತರ: ಆಗುತ್ತೆ, ಹಾಗೇ ಹಾಕಿದರೆ ಆಗಲ್ಲ. ಹೊಂಗೆಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಮೇಲೆ ಹೇಳಿದ ನಾಝಲ್ ತೂತಿನಿಂದ ಮಂಜಾಗಿ ಬರುವ ಬದಲು ತೊಟ್ಟಿಕ್ಕುತ್ತೆ, ಮಸಿ ಕಟ್ಟುತ್ತೆ. ಮೊದಲು ಬಿಸಿ ಮಾಡಿ ತೆಳುವಾಗಿಸಬೇಕು, ಇಲ್ಲ ಬಯೋಡೀಸೆಲ್ ಮಾಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲೇ ಹೊಂಗೆಎಣ್ಣೆಯಲ್ಲಿ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದ್ದರು. ನಿಮ್ಮ ಊರಿನ ಹತ್ತಿರವೇ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ. ಒಮ್ಮೆ ಹೋಗಿ ನೋಡಿ. ಕಷ್ಟ ಇರೋದು ಬೀಜ ಆರಿಸುವುದರಲ್ಲಿ. ಮರದಡಿ ಬಿದ್ದ ಕಾಯಿ ಆಯ್ದು, ಸುಲಿದು, ಗಾಣಕ್ಕೆ ಹೊತ್ತು ಹಾಕುವವರಿಗೆ ದಿನಗೂಲಿ ಗಿಟ್ಟಬೇಕಲ್ಲ.

ಪ್ರಶ್ನೆ: ಮನೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ ಬಾಯ್ಲರ್ ಟ್ಯಾಂಕಿಗೆ ಸುರಿಯಬಹುದಾ?

ಉತ್ತರ: ಬೇಡ. ಸಿಂಕಿಗೂ ಸುರಿಯಬೇಡಿ. ಡಬ್ಬದಲ್ಲಿ ತುಂಬಿಟ್ಟು, ಬಳಸಿದ ಎಣ್ಣೆ ಕೊಳ್ಳುವವರಿಗೆ ಕೊಡಿ.